ಸೈಕಲ್ ಇಳಿದ ಮೇಲೆ ಕಾಲಿಗೆ ಬೇಕಾದ ದಿನಗಳು

…ಅಥವಾ ಗಾಳಿ ಎದುರಿಗೆ ಬೀಸುತ್ತಲೇ ಇರಲಿಲ್ಲವೋ ಏನೋ. ಇಷ್ಟು ವರ್ಷ ಈ ಕಥೆ ಹೇಳುವಾಗಲೆಲ್ಲ ಹೋಗುವಾಗ ಬೆನ್ನಿಗೆ ಗಾಳಿ, ಬರುವಾಗ ಎದೆಗೆ ಗಾಳಿ ಎಂದೇ ಹೇಳುತ್ತ ಬಂದಿದ್ದೇನೆ. ಸೋತವನಿಗೆ ಗಾಳಿಯಂಥ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಅದನ್ನು ಯಾರೂ ಕರೆಸಿ ವಿಚಾರಿಸುವಂತಿಲ್ಲ.

ಖಾತ್ರಿಯಿರುವಷ್ಟನ್ನು ಮೊದಲು ಹೇಳಿಬಿಡುತ್ತೇನೆ. ತೊಂಬತ್ತರ ದಶಕದ ನಡುವಿನ ಒಂದು ಚಳಿಗಾಲ. ಸೌದಿಯ ಯಾನ್ಬುವಿನ ಒಂದು ಕಾರ್ಖಾನೆಯಲ್ಲಿ ನಾನು ಎಂಜಿನಿಯರು. ಮೈಸೂರಿನಲ್ಲಿ ಹೆಂಡತಿ ಮತ್ತು ಮೂರು ವರ್ಷದ ಮಗಳು. ನನ್ನ ಕರಾರು ಮುಗಿಯುತ್ತ ಬಂದಿತ್ತು. ನವೀಕರಣವಾದರೆ ಈ ಸಲ ಅವರಿಬ್ಬರನ್ನೂ ಕರೆಸಿಕೊಳ್ಳಲು ಅನುಮತಿ ಸಿಗುವುದಿತ್ತು. ಆಗದಿದ್ದರೆ ಕೆಲಸವಿಲ್ಲದ ನಾನು ಅವರ ಬಾಗಿಲಿಗೆ. ನಡುವೆ ಇದ್ದದ್ದು ಭಾನುವಾರದ ವೈದ್ಯಕೀಯ ತಪಾಸಣೆ, ಅದರ ಕೊನೆಗೆ ಕಾಗದದ ಮೇಲೆ ಬೀಳಬೇಕಾದ ‘ಫಿಟ್’ ಎಂಬ ಮುದ್ರೆ.

ಎರಡು ವರ್ಷ ಖಬ್ಸಾ ಅನ್ನ ತಿಂದು ಬೆಳೆಸಿದ ಹೊಟ್ಟೆಯನ್ನು ಎರಡು ದಿನದಲ್ಲಿ ಇಳಿಸಬಹುದೆಂಬ ಯೋಚನೆ ನನಗೆ ಶುಕ್ರವಾರ ಬೆಳಿಗ್ಗೆ ಬಂತು. ನನ್ನ ಕೋಣೆಯಲ್ಲಿದ್ದವರು ಕಾಪು ಕಡೆಯ ಒಬ್ಬ ವೆಲ್ಡಿಂಗ್ ಫೋರ್‌ಮನ್, ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಬೇಕರಿಗೆ ಹೋಗಿಬರಲು ಅವರು ಒಂದು ಹಳೆಯ ಕಪ್ಪು ಸೈಕಲ್ ಇಟ್ಟುಕೊಂಡಿದ್ದರು. ಅದನ್ನು ಕೇಳಿದೆ.

“ಎಲ್ಲಿಗೆ?”

“ಪ್ಲಾಂಟಿನವರ್ಗೂ ಹೋಗಿ ವಾಪಸ್ ಬರ್ತೀನಿ ಅಣ್ಣ.”

“ಎಂತ, ರಜೆಯಲ್ಲೂ ಅಲ್ಲಿಗೇ? ನಿಮ್ಮಂಥವರನ್ನು ನಾನು ನೋಡ್ಲಿಲ್ಲ ಮಾರಾಯ್ರೆ.”

“ದಿನಾ ಹೋಗೋ ದಾರಿ. ಚಪ್ಪಟೆ ರಸ್ತೆ.”

“ಬಸ್ಸಿನಲ್ಲಿ ಕೂತ್ರೆ ಘಾಟಿಯೂ ಚಪ್ಪಟೆಯೇ.”

ಈ ಕೊನೆಯ ಮಾತನ್ನು ಅವರು ಆಗಲೇ ಆಡಿದ್ದೋ, ಆಮೇಲೆ ನಾನು ಅವರ ಬಾಯಿಗೆ ಹಾಕಿದ್ದೋ ತಿಳಿಯದು. ನೆನಪಿನಲ್ಲಿ ಎಲ್ಲರೂ ಸಮಯಕ್ಕೆ ಸರಿಯಾಗಿ ಚುರುಕು ಮಾತಾಡುತ್ತಾರೆ. ನಿಜದಲ್ಲಿ ಅವರು ಹಲ್ಲುಜ್ಜುತ್ತ ಬರೀ ಕೈಯಾಡಿಸಿರಲೂಬಹುದು.

ಹೋಗುವಾಗ ನಾನು ಹುಟ್ಟು ಸವಾರ. ಕಾರ್ಖಾನೆಯ ಗೇಟಿನವರೆಗೂ ಹೋಗಿ, ಕಾವಲಿನವನಿಗೆ ಕೈಬೀಸಿ, ಗೆದ್ದವನಂತೆ ಸೈಕಲ್ ತಿರುಗಿಸಿದೆ. ತಿರುಗಿಸಿದ ಮೇಲೆ ಏನಾಯಿತೆಂಬುದು ತುಂಡುತುಂಡಾಗಿದೆ. ಬಲಗಡೆ ಸಮುದ್ರ ಇತ್ತು ಎಂದು ಬರೆದು, ಅಲ್ಲ, ಎಡಗಡೆ ಎಂದು ಹೊಡೆದುಹಾಕಿದೆ. ಪೆಡಲಿನ ಕಿರುಗುಟ್ಟುವಿಕೆ ಮಾತ್ರ ಈಗಲೂ ಕೇಳಿಸುತ್ತದೆ. ತೊಡೆಗಳು ಮೊದಲು ಉರಿದು, ಆಮೇಲೆ ಬೇರೆ ಯಾರದ್ದೋ ಆದವು. ಕೊನೆಯ ಭಾಗವನ್ನು ನಾನು ಒಂದು ಪಿಕಪ್ಪಿನ ಹಿಂದೆ, ಕುರಿಗಳ ನಡುವೆ, ಸೈಕಲ್ಲನ್ನು ಅಪ್ಪಿಕೊಂಡು ಕ್ರಮಿಸಿದೆ. ಕುರಿಗಳು ಮೂರೋ ಐದೋ ಎಂಬ ಅನುಮಾನವಿದೆ. ಪಿಕಪ್ಪಿನ ಬಗ್ಗೆ ದುರದೃಷ್ಟವಶಾತ್ ಅನುಮಾನವಿಲ್ಲ. ನಮ್ಮ ಬೀದಿಯ ತಿರುವಿನಲ್ಲೇ ಇಳಿದು, ಉಳಿದ ನೂರು ಹೆಜ್ಜೆಯನ್ನು ಸೈಕಲ್ ಮೇಲೆ ಬಂದೆ, ಅಣ್ಣ ನೋಡಲಿ ಎಂದು.

ಆ ದಿನ ನೋವಿರಲಿಲ್ಲ. ನನ್ನ ಮೈಕಟ್ಟಿನ ಬಗ್ಗೆ ಸಂಜೆಯಿಡೀ ಹೆಮ್ಮೆಪಟ್ಟೆ. ಶನಿವಾರ ಬೆಳಿಗ್ಗೆ ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂತವನಿಗೆ ಏಳಲಾಗಲಿಲ್ಲ. ಗೋಡೆ ಹಿಡಿದೆ, ನಲ್ಲಿ ಹಿಡಿದೆ. ಕೊನೆಗೆ ಮಾನ ಬಿಟ್ಟು ಕೂಗಿದೆ.

“ಎಂತಾಯ್ತು?” ಬಾಗಿಲಾಚೆ ಅಣ್ಣ.

“ಏಳೋಕಾಗ್ತಿಲ್ಲ.”

“ಚಿಲಕ ತೆಗೀರಿ, ನಾನು ಎಬ್ಬಿಸ್ತೇನೆ.”

“ಚಿಲಕ ತೆಗಿಯೋಕೆ ಎದ್ದೇಳ್ಬೇಕಲ್ಲ ಅಣ್ಣಾ!”

ಬಾಗಿಲಾಚೆಯಿಂದ ಒಬ್ಬ ಹಿರಿಯ ಮನುಷ್ಯ ಉಸಿರು ಕಟ್ಟಿ ನಗುವ ಸದ್ದು. ನಾನು ಹೇಗೆ ಎದ್ದೆನೆಂದು ಬರೆಯುವುದಿಲ್ಲ.

ಆ ಸಂಜೆ ಅವರು ನನ್ನ ತೊಡೆಗೆ ತೆಂಗಿನೆಣ್ಣೆ ತಿಕ್ಕುತ್ತ ಗಂಭೀರವಾಗಿಯೇ ಹೇಳಿದರು: “ನಾಳೆ ಡಾಕ್ಟರ ಹತ್ರ ನೋವು ಉಂಟು ಅಂತ ಬಾಯಿ ಬಿಡ್ಬೇಡಿ. ಒಂದು ನೋವು ಹೇಳಿದ್ರೆ ಅವರು ಹತ್ತು ಹುಡುಕ್ತಾರೆ.”

ಅಲ್ಲಿ ದುಡಿಯುವವರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ತಪಾಸಣೆಯ ದಿನ ನಾವು ಕೆಮ್ಮನ್ನು ನುಂಗುತ್ತಿದ್ದೆವು, ಕಣ್ಣು ಪರೀಕ್ಷೆಯ ಫಲಕದ ಅಕ್ಷರಗಳನ್ನು ಹಿಂದಿನ ವರ್ಷ ಹೋದವರಿಂದ ಕೇಳಿ ಬಾಯಿಪಾಠ ಮಾಡುತ್ತಿದ್ದೆವು. ನಾನೂ ಭಾನುವಾರ ಬಾಗಿಲಿನಿಂದ ಕುರ್ಚಿಯವರೆಗೆ ಪೆರೇಡಿನಲ್ಲಿ ನಡೆದಂತೆ ನಡೆದೆ. ಡಾಕ್ಟರು ಪಾಕಿಸ್ತಾನದವರು, ಮೆಲುಮಾತಿನವರು. “ಕೋಯೀ ತಕ್ಲೀಫ್?” ಎಂದರು. ಏನಾದರೂ ತೊಂದರೆ? “ಕುಛ್ ನಹೀಂ” ಎಂದೆ. ಕೂತು ಏಳಿ ಎಂದಿದ್ದರೆ ಅಲ್ಲಿಯೇ ಸಿಕ್ಕಿಬೀಳುತ್ತಿದ್ದೆ. ಅವರು ರಕ್ತ ತೆಗೆಸಿ ಕಳಿಸಿದರು.

ಬುಧವಾರ ಕರೆ ಬಂತು. ಡಾಕ್ಟರು ವರದಿಯನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಹೋಗಿ ಬಾಗಿಲು ಹಾಕಿದರು. ಯಕೃತ್ತಿನ ಲೆಕ್ಕಗಳು ವಿಪರೀತ ಏರಿವೆ ಎಂದು ಹೇಳಿ, ದನಿ ತಗ್ಗಿಸಿ ಕೇಳಿದರು: “ಪೀತೇ ಹೋ?”

ಕುಡಿಯುತ್ತೀಯಾ? ಆ ದೇಶದಲ್ಲಿ ಅದು ಡಾಕ್ಟರು ಕೇಳುವ ಪ್ರಶ್ನೆಯಲ್ಲ, ಪೊಲೀಸರು ಕೇಳುವ ಪ್ರಶ್ನೆ. ಅಲ್ಲಿ ಮನೆಯಲ್ಲೇ ಕದ್ದು ಭಟ್ಟಿ ಇಳಿಸುವವರಿದ್ದರು, ಸಿಕ್ಕಿಬಿದ್ದು ಊರು ಸೇರಿದವರೂ ಇದ್ದರು. ನಾನೋ, ಕಾಲೇಜಿನಲ್ಲಿ ಗೆಳೆಯರು ಬಿಯರು ಕುಡಿಯುವಾಗ ಅವರ ಚಪ್ಪಲಿ ಕಾಯುತ್ತಿದ್ದವನು. ಜೀವಮಾನದಲ್ಲಿ ಮಾಡದ ಒಂದೇ ಪಾಪಕ್ಕೆ ಸಿಕ್ಕಿಹಾಕಿಕೊಂಡ ಅವಮಾನದಲ್ಲಿ ನನಗೆ ಸೈಕಲ್ ನೆನಪಾಗಲೇ ಇಲ್ಲ. ನೆನಪಾಗಿದ್ದರೂ ಹೇಳುತ್ತಿರಲಿಲ್ಲವೇನೋ. ನೋವು ಹೇಳಬಾರದೆಂದಿತ್ತಲ್ಲ. “ಹತ್ತು ದಿನ ಬಿಟ್ಟು ಮತ್ತೆ ರಕ್ತ ಕೊಡು. ಅಲ್ಲಿಯವರೆಗೆ ಮುದ್ರೆ ಇಲ್ಲ” ಎಂದರು.

“ಲಿವರ್ ಅಂದ್ರೆ ಕಾಮಾಲೆ. ಬೇರೆಂತದೂ ಅಲ್ಲ” ಎಂದು ಅಣ್ಣ ಒಂದೇ ಏಟಿಗೆ ತೀರ್ಮಾನಿಸಿದರು. ಕರಾವಳಿಯವರಿಗೆ ಕಾಮಾಲೆಯೆಂದರೆ ನೆಲನೆಲ್ಲಿ, ಮಜ್ಜಿಗೆ, ಉಪ್ಪು ಕಡಿಮೆಯ ಗಂಜಿ. ಮರಳುಗಾಡಿನಲ್ಲಿ ನೆಲನೆಲ್ಲಿ ಎಲ್ಲಿಂದ ತರುತ್ತೀರಿ ಎಂದೆ. ಅವರು ರಸ್ತೆ ವಿಭಜಕದ ಹೂಗಿಡಗಳ ಬುಡದಿಂದ ಒಂದು ಮುಷ್ಟಿ ಕಿತ್ತು ತಂದರು. ಎಲ್ಲ ದೇಶಕ್ಕೂ ಇಕಾಮಾ ಎಂಬ ವಾಸದ ಪರವಾನಗಿ ಇಲ್ಲದೆ ನುಗ್ಗುವ ಕಳೆ ಅದು.

“ಅಣ್ಣ, ಆ ಗಿಡಗಳಿಗೆ ಬಿಡೋದು ಚರಂಡಿ ನೀರು.”

“ಶುದ್ಧ ಮಾಡಿಯೇ ಬಿಡುವುದು. ಕುಡೀರಿ. ಹೆಂಡತಿ ಬರ್ಬೇಕೋ ಬೇಡ್ವೋ?”

ಕುಡಿದೆ. ದಿನಾ ಬೆಳಿಗ್ಗೆ ಅವರು ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕಣ್ಣಿನ ರೆಪ್ಪೆ ಕೆಳಗೆಳೆದು ಹಳದಿ ಹುಡುಕುತ್ತಿದ್ದರು. ಸಿಗದಿದ್ದಾಗ ಅವರಿಗೆ ತುಸು ನಿರಾಸೆಯಾಗುತ್ತಿತ್ತು. ಹೆಂಡತಿಗೆ ಫೋನು ಮಾಡಿದಾಗ ಅವಳು ಕೇಳಿದಳು: “ಫಿಟ್ ಅಂತ ಕೊಟ್ರಾ?” ಡಾಕ್ಟರು ರಜೆಯಲ್ಲಿದ್ದಾರೆ ಎಂದೆ. “ಪುಟ್ಟಿ ಆಗ್ಲೇ ಗೊಂಬೆನ ಚೀಲಕ್ಕೆ ತುಂಬಿಟ್ಟಿದಾಳೆ, ತೆಗಿಯೋಕೆ ಬಿಡ್ತಿಲ್ಲ” ಎಂದಳು. ಫೋನಿಟ್ಟ ಮೇಲೆ ನಾನು ಇನ್ನೊಂದು ಲೋಟ ನೆಲನೆಲ್ಲಿ ಕೇಳಿ ಕುಡಿದೆ.

ಕಾಲು ಸುಧಾರಿಸಲು ಎಷ್ಟು ದಿನ ಹಿಡಿಯಿತು? ಆಗ ಹೆಂಡತಿಗೆ ಬರೆದ ಕಾಗದದಲ್ಲಿ ‘ಸ್ವಲ್ಪ ಸೈಕಲ್ ಹೊಡೆದೆ, ಮರುದಿನಕ್ಕೆ ಸರಿಹೋಯಿತು’ ಎಂದಿದೆ. ಅಣ್ಣನನ್ನು ಕೇಳಿದರೆ ಎರಡು ವಾರ ನಾನು ಮೆಟ್ಟಿಲನ್ನು ಏಡಿಯ ಹಾಗೆ ಇಳಿಯುತ್ತಿದ್ದೆನಂತೆ. ನೋವು ಬಂದ ದಿನ ಗೊತ್ತಾಗುತ್ತದೆ, ಹೋದ ದಿನ ಯಾರಿಗೂ ಗೊತ್ತಾಗುವುದಿಲ್ಲ. ಒಂದು ಮಧ್ಯಾಹ್ನ ಮೆಟ್ಟಿಲ ಕೆಳಗೆ ನಿಂತು, ಅರೆ, ನೆಟ್ಟಗೆ ಇಳಿದೆನಲ್ಲ ಎಂದು ಹೊಳೆದದ್ದಿದೆ. ಅದು ಆರನೆಯ ದಿನವಿರಬಹುದು, ಒಂಬತ್ತನೆಯದೂ ಇರಬಹುದು.

ಎರಡನೆಯ ಸಲ ರಕ್ತ ಕೊಟ್ಟ ಮರುದಿನ ಡಾಕ್ಟರ ಎದುರು ಕೂತೆ. ಹೊಸ ವರದಿ ಅವರ ಕೈಯಲ್ಲಿತ್ತು. ಅದನ್ನು ಓದುವ ಬದಲು ಅವರು ಕೇಳಿದರು: “ಹೋದ ಸಲ ಬರುವ ಮೊದಲು ಎಲ್ಲಾದರೂ ಬಿದ್ದಿದ್ದೆಯಾ? ಭಾರ ಹೊತ್ತಿದ್ದೆಯಾ? ಸ್ನಾಯುಗಳಿಗೆ ಪೆಟ್ಟಾದರೂ ಈ ಲೆಕ್ಕಗಳು ಏರುತ್ತವೆ.”

ಆರೋಗ್ಯವಂತನಂತೆ ನಟಿಸಿ ಕುಡುಕನಾದವನು ನಾನು ಎಂದು ಆಗ ತಿಳಿಯಿತು. ತೋರಿಸೋಣವೆಂದರೆ ನೋವು ಕೈಕೊಟ್ಟು ಹೋಗಿತ್ತು. ಎಲ್ಲ ಹೇಳಿದೆ. ಸೈಕಲ್, ಶೌಚಾಲಯ, ಪೆರೇಡಿನ ನಡಿಗೆ, ಅಣ್ಣನಿಗೂ ಹೇಳದ ಕುರಿಗಳು.

“ಸೈಕಲ್? ಶೌಕ್ ಸೇ?” ಎಂದರು. ಖುಷಿಗಾಗಿಯೇ? ಅಲ್ಲಿ ಕಾರಿಲ್ಲದವರು ಮಾತ್ರ ಸೈಕಲ್ ಹೊಡೆಯುತ್ತಿದ್ದರು. ಕಳ್ಳಭಟ್ಟಿಗಿಂತ ಇದನ್ನು ನಂಬುವುದು ಅವರಿಗೆ ಕಷ್ಟವಾದಂತೆ ಕಂಡಿತು.

“ಹೊಟ್ಟೆ ಇಳಿಸೋಕೆ.”

ಅವರು ನನ್ನ ಹೊಟ್ಟೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೂತು ಏಳು ಎಂದರು. ಕೂತೆ, ಎದ್ದೆ. ಮುದ್ರೆ ಎತ್ತಿ ಕಾಗದದ ಮೇಲೆ ಒತ್ತಿದರು. ವರದಿಯನ್ನು ಫೈಲಿಗೆ ಸೇರಿಸಿ ಮುಚ್ಚಿ, “ಯಲ್ಲಾ” ಎಂದರು. ಇನ್ನು ಹೊರಡು.

ಬೇಸಿಗೆಗೆ ಮೊದಲೇ ಹೆಂಡತಿ, ಮಗಳು ಬಂದರು. ನೆಲನೆಲ್ಲಿಯೇ ಕಾಪಾಡಿದ್ದು ಎಂದು ಅಣ್ಣ ನನ್ನ ಹೆಂಡತಿಗೂ ಹೇಳಿದರು, ನಾನು ಅಲ್ಲಗಳೆಯಲಿಲ್ಲ. ಆದರೆ ಆ ಎರಡನೆಯ ವರದಿಯನ್ನು ನಾನು ನೋಡಲಿಲ್ಲ. ಕೈಗೆಟುಕುವಷ್ಟು ಹತ್ತಿರದಲ್ಲಿತ್ತು, ಕೇಳಿದ್ದರೆ ತೋರಿಸುತ್ತಿದ್ದರೇನೋ. ಮುದ್ರೆ ಒಣಗುವ ಮೊದಲೇ ಕಾಗದ ಎತ್ತಿಕೊಂಡು ಹೊರಗೆ ಬಂದೆ. ಲೆಕ್ಕಗಳು ನಿಜಕ್ಕೂ ಇಳಿದಿದ್ದವೋ, ಅಥವಾ ಆ ಮನುಷ್ಯ ನನ್ನ ಮಾತು ನಂಬಿ, ಇಲ್ಲವೇ ನನ್ನನ್ನು ನೋಡಿ ಸಾಕಾಗಿ ಮುದ್ರೆ ಒತ್ತಿದರೋ, ನನಗೆ ಗೊತ್ತಿಲ್ಲ.