ಬ್ರೇಕಿಗೆ ಹುಯ್ದ ಗಾಣದ ಎಣ್ಣೆ

ಇವತ್ತು ಬೆಳಿಗ್ಗೆ ಕಿಟಕಿಯಲ್ಲಿದ್ದ ಕೊಬ್ಬರಿ ಎಣ್ಣೆ ಬಾಟಲಿ ಬೆಳ್ಳಗೆ ಗಟ್ಟಿಯಾಗಿತ್ತು. ನನ್ನ ಹೆಂಡತಿ ಗಿರಿಜ ಅದನ್ನು ಜಗಲಿಯ ಬಿಸಿಲಿಗಿಟ್ಟು, ಬಲಗೈ ಮಣಿಕಟ್ಟನ್ನು ನೀವಿಕೊಳ್ಳುತ್ತಾ ಕೂತಳು. ಚಳಿ ಬಿದ್ದರೆ ಅವಳಿಗೆ ಆ ಮೂಳೆ ನೋಯುತ್ತದೆ. ಅದು ಮುರಿದದ್ದು ನಾನು ಓಡಿಸುತ್ತಿದ್ದ ಬೈಕಿನಿಂದ ಬಿದ್ದು. ಹೇಗೆ ಬಿದ್ದೆವು ಎಂದು ಊರಿಗೆಲ್ಲ ಒಂದು ಕಥೆ ಹೇಳಿದ್ದೇನೆ, ಅವಳಿಗೂ ಅದನ್ನೇ ಹೇಳಿದ್ದೇನೆ. ನಿಜ ಹೇಳುವುದು ನನಗೆ ಅಷ್ಟಾಗಿ ರೂಢಿಯಿಲ್ಲ. ಮೊದಲು ನಿಮ್ಮ ಮುಂದೆ ಅಭ್ಯಾಸ ಮಾಡಿಕೊಳ್ಳುತ್ತೇನೆ.

ನಲವತ್ತು ದಾಟಿದ ಮೇಲೆ ಗಂಡಸಿಗೆ ಬರಬಾರದ ಆಸೆಗಳು ಬರುತ್ತವೆ. ಕೆಲವರು ತಲೆಗೆ ಬಣ್ಣ ಹಾಕಿಕೊಳ್ಳುತ್ತಾರೆ. ನಾನು ತಿಪಟೂರಿನಲ್ಲಿ ಕೆಂಪು ಬಣ್ಣದ್ದೊಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕು ಕೊಂಡೆ. ಅದರ ಮೇಲೆ ಕೂತರೆ ಕಳೆ ಕೀಳುವವನ ಹಾಗೆ ಬಗ್ಗಬೇಕು. ಕೊಬ್ಬರಿ ಅಂಗಡಿಯಲ್ಲಿ ಕೂತು ಬೆಳೆಸಿದ ಹೊಟ್ಟೆ ಅದಕ್ಕೆ ಒಪ್ಪುತ್ತಿರಲಿಲ್ಲ. ಆದರೂ ದಾರಿಯಲ್ಲಿ ಜನ ತಿರುಗಿ ನೋಡುತ್ತಿದ್ದರು. ಮೆಚ್ಚಿಯೇ ನೋಡುತ್ತಿದ್ದಾರೆ ಎಂದು ನಂಬಿದ್ದೆ.

ತಿಂಗಳೊಳಗೆ ಮುಂದಿನ ಬ್ರೇಕಿನ ಆಯಿಲ್ ಸೋರತೊಡಗಿತು. ಹ್ಯಾಂಡಲ್ ಮೇಲಿನ ಪುಟ್ಟ ಡಬ್ಬಿಯ ಬುಡದಿಂದ ತೊಟ್ಟಿಕ್ಕಿ, ಬಿದ್ದ ಕಡೆಯೆಲ್ಲ ಟ್ಯಾಂಕಿನ ಬಣ್ಣ ಸುಲಿದು ಬಂತು. ನನಗೆ ಚಿಂತೆಯಾದದ್ದು ಬಣ್ಣದ್ದು. ಮೆಕ್ಯಾನಿಕ್ ನೋಡಿ, "ಒಳಗಿನ ರಬ್ಬರ್ ಸೀಲ್ ಹೋಗ್ಯದೆ ಸಾರ್. ತರಿಸ್ಬೇಕು, ನಾಲ್ಕು ದಿನ ಆಯ್ತದೆ. ಅಲ್ಲೀಗಂಟ ಗಾಡಿ ಎತ್ಲೇಬೇಡಿ" ಎಂದ.

ಎರಡೇ ದಿನಕ್ಕೆ, ಭಾನುವಾರ, ಅರಳಗುಪ್ಪೆಯಲ್ಲಿ ಗಿರಿಜಳ ಅಣ್ಣನ ಗೃಹಪ್ರವೇಶ. ಅವಳ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ, ಹೊಸ ಕಾರಿನಲ್ಲಿ ಬರುವವನಿದ್ದ. ನಾನು ಬೈಕಿನಲ್ಲೇ ಬರುತ್ತೇನೆಂದು ಸಾರಿಬಿಟ್ಟಿದ್ದೆ. ನೋಡಿ, ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ಕೊಬ್ಬರಿ ಗಿಟುಕು ಅಲ್ಲಾಡುವ ತನಕ ವರ್ಷ ಕಾಯುವ ಜನ ನಾವು. ಒಂದು ಚೂರು ರಬ್ಬರಿಗೆ ನಾಲ್ಕು ದಿನ ಕಾಯಲು ನನ್ನಿಂದಾಗಲಿಲ್ಲ. ಹೊನ್ನವಳ್ಳಿಯ ಮರುಳಪ್ಪ ಚಿಕ್ಕಪ್ಪನ ಹತ್ತಿರ ಹೋದೆ.

ಚಿಕ್ಕಪ್ಪನಿಗೆ ಲೋಕದ ಎಲ್ಲ ಕಾಯಿಲೆಗೂ ಮದ್ದು ಕೊಬ್ಬರಿ ಎಣ್ಣೆ. ಕೂದಲಿಗೆ, ಬಾಗಿಲ ತಿರುಗಣಿಗೆ, ಎತ್ತಿನ ಹೆಗಲ ಗಾಯಕ್ಕೆ, ಒಮ್ಮೆ ಕೆಟ್ಟ ರೇಡಿಯೋಗೂ ಬಿಟ್ಟಿದ್ದರು. ರೇಡಿಯೋ ಮತ್ತೆ ಉಸಿರೆತ್ತಲಿಲ್ಲ. ಅದು ರೇಡಿಯೋದ ತಪ್ಪೆಂದು ತೀರ್ಮಾನವಾಯಿತು.

"ಎಣ್ಣೆ ಅಂದ್ಮೇಲೆ ಎಣ್ಣೆ ಕಣ್ಲಾ. ಇದು ನಮ್ಮ ತೋಟದ್ದು, ಗಾಣದ್ದು, ಒಂಚೂರು ಕಲಬೆರಕೆ ಇಲ್ಲ. ಮೆಕ್ಯಾನಿಕ್ಕು ಬದುಕ್ಬೇಕಲ್ಲ, ಅದಕ್ಕೇ ಹಂಗಂತಾನೆ, ಬುಡು" ಎಂದು ಬ್ರೇಕಿನ ಡಬ್ಬಿಯ ಮುಚ್ಚಳ ಬಿಚ್ಚಿಸಿ ತುಂಬಿದರು. ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಬಹುಮಾನ ತೆಗೆದುಕೊಂಡಿದ್ದ ನಾನು ಚೆಲ್ಲದ ಹಾಗೆ ಬಟ್ಟೆ ಹಿಡಿದು ನಿಂತಿದ್ದೆ. ಮಧ್ಯಾಹ್ನದ ಬಿಸಿಲಲ್ಲಿ ಬ್ರೇಕು ಚೆನ್ನಾಗಿಯೇ ಹಿಡಿಯಿತು.

ಭಾನುವಾರ ಬೆಳಿಗ್ಗೆ ಮೈ ಕೊರೆಯುವ ಚಳಿ. ಗಾಡಿ ಹೊರಗೆ ತಳ್ಳಿ ಬ್ರೇಕು ಹಿಡಿದೆ. ಲಿವರ್ ಅಲ್ಲಾಡಲಿಲ್ಲ. ಇನ್ನೊಮ್ಮೆ ಹಿಡಿದೆ. ಕಲ್ಲು. ಎಣ್ಣೆ ಒಳಗೆ ಹೆಪ್ಪುಗಟ್ಟಿದೆ ಎಂದು ಆ ಕ್ಷಣವೇ ಗೊತ್ತಾಯಿತು; ತೆಂಗಿನ ಸೀಮೆಯವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಗಿರಿಜ ರೇಷ್ಮೆ ಸೀರೆಯುಟ್ಟು ಬಾಗಿಲಲ್ಲಿ ನಿಂತು, "ಹೊರಡೋಣ್ವೇನ್ರಿ?" ಎಂದಳು. ನಾನು ಬಸ್ಸಿಳಿದು ನಡೆದು ಬರುವುದನ್ನು ಕಂಡು ಷಡ್ಡಕ ನಗುವ ನಗು ಕಣ್ಣಿಗೆ ಕಟ್ಟಿತು. ಬಿಸಿಲೇರಿದರೆ ಕರಗುತ್ತದೆ ಎಂದುಕೊಂಡು, "ಹತ್ತು" ಎಂದೆ.

ಅರಳಗುಪ್ಪೆ ಇನ್ನೇನು ಬಂತು ಎನ್ನುವಾಗ ರಸ್ತೆಯಲ್ಲೊಂದು ಹಂಪ್ಸು. ಮುಂದಿನ ಬ್ರೇಕು ಹಿಡಿಯಲಿಲ್ಲ. ಗಾಬರಿಯಲ್ಲಿ ಹಿಂದಿನದನ್ನು ತುಳಿದೆ, ಚಕ್ರ ಜಾರಿತು. ನಾನು ರಸ್ತೆ ಪಕ್ಕದ ತೆಂಗಿನ ಮಟ್ಟೆಯ ರಾಶಿಯ ಮೇಲೆ ಬಿದ್ದೆ. ಅವಳು ಕೈಯೂರಿದ್ದು ಕಲ್ಲಿನ ಮೇಲೆ.

"ಬ್ರೇಕು ಇರ್ಲಿಲ್ವೇನ್ರಿ?" ಎಂದು ಅಳುತ್ತಾ ಕೇಳಿದಳು.

"ಇತ್ತು ಕಣೇ. ಹಸ ಅಡ್ಡ ಬಂತು" ಎಂದೆ.

ಸಂಜೆ ಚಿಕ್ಕಪ್ಪ ಆಸ್ಪತ್ರೆಗೆ ಬಂದರು, ಅವಳ ಕೈಗೆ ತಿಕ್ಕಲು ಅದೇ ಎಣ್ಣೆ ತಂದಿದ್ದರು. ಆರು ವಾರ ಅವಳ ಜಡೆಯನ್ನು ನಾನೇ ಹೆಣೆದೆ. ಇಂಥ ಗಂಡ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದು ಅಕ್ಕಪಕ್ಕದವರು ಹೇಳಿದರು. ಆ ಹೊಗಳಿಕೆಯನ್ನೂ ಇಟ್ಟುಕೊಂಡೆ, ಬೇಡ ಎನ್ನಲಿಲ್ಲ.

ನಿಮಗೆ ಹೇಳಿದ್ದಾಯಿತು. ಆ ಧೈರ್ಯದಲ್ಲಿ ಈಗ ಅವಳಿಗೂ ಹೇಳಿಬಿಟ್ಟೆ.

"ಗಿರಿಜಾ, ಅವತ್ತು ಯಾವ ಹಸನೂ ಬಂದಿರ್ಲಿಲ್ಲ. ಬ್ರೇಕು ಹಿಡಿಯಲ್ಲ ಅಂತ ನಂಗೆ ಮನೇಲೇ ಗೊತ್ತಿತ್ತು."

ಅವಳು ಮಣಿಕಟ್ಟು ನೀವುವುದನ್ನು ನಿಲ್ಲಿಸಿದಳು. "ಆ ಗಾಡೀಲಿ ಹಿಂದಿನ ಸೀಟು ಎತ್ತರ ಕಣ್ರೀ. ನಿಮ್ಮ ತಲೆ ಮೇಲಿಂದ ನಂಗೆ ರಸ್ತೆ ಪೂರ್ತಿ ಕಾಣ್ತಿತ್ತು. ಹಸ ಇಲ್ಲ ಅಂತ ಅವತ್ತೇ ಗೊತ್ತು. ಪಾಪ, ಬಿದ್ದ ನಾಚಿಕೆಗೆ ಹಂಗಂದ್ರಿ ಅಂದ್ಕೊಂಡು ಸುಮ್ನಿದ್ದೆ."

ಅಬ್ಬ ಎಂದು ನಾನು ನಗಲು ಬಾಯಿ ತೆರೆದೆ. ಅವಳು ನಗಲಿಲ್ಲ.

"ಮನೇಲೇ ಗೊತ್ತಿತ್ತು ಅಂದ್ರಲ್ಲ," ಎಂದಳು, "ಅದು ನಂಗೆ ಇವತ್ತು ಗೊತ್ತಾಯ್ತು."

ಎದ್ದು ಒಳಗೆ ಹೋದಳು. ನಾನಿನ್ನೂ ಜಗಲಿಯಲ್ಲೇ ಕೂತಿದ್ದೇನೆ.