ಮಲ್ಲಿಗೆ ಮನೆಯಲ್ಲಿ ಅರೆತಲೆನೋವು

ಕೊಟ್ಟೂರಿನಿಂದ ನಾನು ಸೊಸೆಯಾಗಿ ಬಂದದ್ದು ಹಡಗಲಿ ಹತ್ತಿರದ ಮಲ್ಲಿಗೆ ತೋಟದ ಮನೆಗೆ. ಬೆಳಕು ಹರಿಯುತ್ತಲೇ ಬಿಡಿಸಿ ತಂದ ಮೊಗ್ಗನ್ನು ಪಡಸಾಲೆಯಲ್ಲಿ ಸುರಿಯುತ್ತಿದ್ದರು. ಅತ್ತೆ, ನಾದಿನಿ, ಓಣಿಯ ಹೆಂಗಸರು ಸುತ್ತ ಕೂತು ಮಾಲೆ ಕಟ್ಟುತ್ತ ಕಂಡವರ ಸುದ್ದಿಯೆಲ್ಲ ಮಾತಾಡುವರು. ಹೊಸಬಳಾದರೂ ನಾನು ಬೇಗ ಅವರೊಳಗೆ ಒಬ್ಬಳಾದೆ.

ಆ ಬೇಸಿಗೆಯಲ್ಲಿ ತಲೆನೋವು ಶುರುವಾಯಿತು. ಮೊದಲು ಕಣ್ಣಂಚಿನಲ್ಲಿ ಹಾವಿನಂಥ ಒಂದು ಗೆರೆ ಮಿಣಮಿಣ ಹರಿಯುವುದು. ಆಮೇಲೆ ಎಡಗಡೆಯ ಅರ್ಧ ತಲೆ ಸಿಡಿಯುವುದು, ವಾಂತಿಯಾಗುವುದು. ವಾಂತಿ ಕಂಡು ಮನೆಯವರು ಬಸಿರೆಂದು ಹಿಗ್ಗಿದರು. ಅಲ್ಲವೆಂದು ತಿಳಿದ ಮೇಲೆ ದೃಷ್ಟಿ ತೆಗೆದರು, ಮೈಲಾರಕ್ಕೆ ಹರಕೆ ಹೊತ್ತರು. ಕೊನೆಗೆ, ಕೆಲಸದ ಹೊತ್ತಿಗೇ ಇವಳಿಗೆ ತಲೆ ನೋಯುತ್ತದೆ ಎಂದು ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಕಿಟಕಿ ಮುಚ್ಚಿ ಮಲಗಿರುತ್ತಿದ್ದೆ. ಹೊರಗಿನ ನಗು ತಲೆಯೊಳಗೇ ಬಡಿದಂತಾಗುತ್ತಿತ್ತು.

ಗಂಡ ಹರಪನಹಳ್ಳಿಯ ಡಾಕ್ಟರ ಬಳಿ ಕರೆದೊಯ್ದರು. ನೋವು ಬರುವ ಮುಂಚೆ ಎಲ್ಲಿರುತ್ತೀರಿ, ಏನು ಮಾಡುತ್ತಿರುತ್ತೀರಿ ಎಂದೆಲ್ಲ ಕೇಳಿದ ಡಾಕ್ಟರು, ಇದು ಮೈಗ್ರೇನ್, ಕೆಲವರಿಗೆ ಗಾಢ ವಾಸನೆಯಿಂದ ಕೆರಳುತ್ತದೆ, ಹೂವಿನಿಂದ ದೂರವಿರಿ ಎಂದು ಮಾತ್ರೆ ಬರೆದರು. ರೋಗಕ್ಕೊಂದು ಹೆಸರು ಸಿಕ್ಕಿತೆಂದೇ ನನಗೆ ಅರ್ಧ ಹಗುರಾಗಿತ್ತು. ಬಸ್ಸಿಗೆ ಕಾಯುವಾಗ ಗಂಡ ಮೆಲ್ಲಗೆ ಹೇಳಿದರು: "ಮನ್ಯಾಗ ಹೂವಿನ ಮಾತು ತೆಗಿಬ್ಯಾಡ. ಅವ್ವ ನೊಂದ್ಕೊಂತಾಳ."

ನಾನು ತೆಗೆಯಲಿಲ್ಲ. ಮಾತ್ರೆ ನುಂಗಿ ಮತ್ತೆ ಮೊಗ್ಗಿನ ಮುಂದೆ ಕೂರುತ್ತಿದ್ದೆ. ಅಷ್ಟು ಜನರ ನಡುವೆ ಕೂತು, ಆ ಗೆರೆ ಈಗ ಬಂದೀತು, ಆಗ ಬಂದೀತು ಎಂದು ಒಬ್ಬಳೇ ಕಾಯುತ್ತಿದ್ದೆ. ಒಂದು ಬೆಳಿಗ್ಗೆ ಏಳಲಾಗದೆ ಅಲ್ಲೇ ವಾಂತಿ ಮಾಡಿಕೊಂಡೆ. ಹೆಂಗಸರು ಸೆರಗು ಮೂಗಿಗೆ ಹಿಡಿದು ಎದ್ದರು. ಅತ್ತೆ ನೆಲ ಬಳಿದರು. ಮಧ್ಯಾಹ್ನ ನನ್ನ ಬಳಿ ಬಂದು ಕೂತರು.

"ಹೂವಿನ ವಾಸ್ನಿಗೆ ಬರತೈತೇನವ್ವ ನಿನಗ?"

ತಲೆಯಾಡಿಸಿದೆ. ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದರು. ಗಂಡನ ಮಾತು ನಾನು ಎತ್ತಲಿಲ್ಲ. ಅತ್ತೆ ಎದ್ದು ಹಿತ್ತಿಲ ಬಾಗಿಲವರೆಗೆ ಹೋಗಿ ಬಂದರು.

"ತ್ವಾಟ ಕೀಳಾಕ ಆಗಂಗಿಲ್ಲ, ನಮ್ಮ ಬದುಕ ಅದರ ಮ್ಯಾಲ ಐತಿ. ಹಿಂದಿನ ಖೋಲಿ ಖಾಲಿ ಮಾಡಿಸ್ತೀನಿ. ನೀ ಅಲ್ಲಿರು."

ಗೊಬ್ಬರದ ಚೀಲ ತೆಗೆಸಿ, ಸುಣ್ಣ ಬಳಿಸಿ, ಒಲೆಯನ್ನೂ ಅಲ್ಲಿಗೇ ಹಾಕಿಸಿದರು. ನೋವು ಈಗ ಅಪರೂಪ. ಬಂದರೂ ಮಾತ್ರೆಗೆ ಬಗ್ಗುತ್ತದೆ. ಮಧ್ಯಾಹ್ನ ಅತ್ತೆ ತಲೆಯ ಹೂವು ತೆಗೆದಿಟ್ಟು, ಕೈಗೆ ಸೋಪು ಹಚ್ಚಿ ತೊಳೆದು ನನ್ನ ಬಳಿ ಬರುತ್ತಾರೆ. ಆಡಲು ಹೆಚ್ಚು ಮಾತಿರುವುದಿಲ್ಲ. ಓಣಿಯ ಸುದ್ದಿಯೆಲ್ಲ ಬೆಳಿಗ್ಗೆಯೇ ಪಡಸಾಲೆಯಲ್ಲಿ ಮುಗಿದಿರುತ್ತದೆ. ಮಾಲೆ ಕಟ್ಟಲು ಬರುತ್ತಿದ್ದ ಯಾವುದೋ ಹುಡುಗಿಯ ಬಗ್ಗೆ ನಾನು ಕೇಳಿದರೆ, "ಅಯ್ಯ, ಅಕಿ ಮದುವಿ ಆಗಿ ಹೋದ್ಲಲ್ಲ" ಅನ್ನುತ್ತಾರೆ.