ಆಸ್ಟಿನ್‌ನಲ್ಲಿ ಆಂಟಿ ಕೇಳಿದ ಪ್ರಶ್ನೆ

ಹೋದ ತಿಂಗಳು ಒಂದು ಶನಿವಾರ ಮಧ್ಯಾಹ್ನ, ಟೆಕ್ಸಸ್ಸಿನ ಲಿಟಲ್ ಎಲ್ಮ್‌ನ ನಮ್ಮ ಮನೆಯ ಹಿತ್ತಲಿನಲ್ಲಿ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದೆ. ಬೇಲಿಯಾಚೆ ಹೊಸದಾಗಿ ಬಂದ ನೆರೆಯವರು ಕೆಂಡದ ಮೇಲೆ ಏನನ್ನೋ ಸುಡುತ್ತಿದ್ದರು. ಗಾಳಿ ತಿರುಗಿ ವಾಸನೆ ಈ ಕಡೆ ಬಂತು. ಹುರಿದ ಶೇಂಗಾ, ಒಣಮೆಣಸಿನಕಾಯಿ, ಶುಂಠಿ ಮೂರೂ ಕೂಡಿ ಬೆಂಕಿಗೆ ಬಿದ್ದ ವಾಸನೆ. ಕುಂಡ ತುಂಬಿ ಮಣ್ಣು ಹೊರಗೆ ಹರಿದರೂ ನನಗೆ ಗೊತ್ತಾಗಲಿಲ್ಲ. ನಾನು ಆಗಲೇ ಪ್ಲೇನೋದ ಹಳೆಯ ಆಫೀಸಿನ ಊಟದ ಕೋಣೆಗೆ ಹೋಗಿಬಿಟ್ಟಿದ್ದೆ...

ಅದೇ ವಾಸನೆಯ ಪುಡಿಯ ಡಬ್ಬಿಯೊಂದು ಅಲ್ಲಿರುತ್ತಿತ್ತು, ನನ್ನ ಜೊತೆ ಕೆಲಸ ಮಾಡುತ್ತಿದ್ದ ಆಂಟಿಯದು. ಅವರು ನೈಜೀರಿಯಾದವರು, ಇಬಾದಾನ್ ಎಂಬ ಊರಿನವರು. ಕರಿದ ಬಾಳೆಹಣ್ಣಿನ ಹೋಳುಗಳ ಮೇಲೆ ಅದನ್ನು ಉದುರಿಸಿಕೊಂಡು ತಿನ್ನುತ್ತಿದ್ದರು. ನಾನು ಧಾರವಾಡದಿಂದ ಅವ್ವ ಕಳಿಸಿದ ಶೇಂಗಾ ಚಟ್ನಿಯ ಡಬ್ಬಿಯನ್ನು ಅವರ ಮುಂದೆ ಸರಿಸಿದೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಅಂದಿನಿಂದ ನಮ್ಮ ಡಬ್ಬಿಗಳು ಅದಲುಬದಲಾದವು.

ಅದು ಎರಡು ಸಾವಿರದ ಹದಿಮೂರರ ಸುಮಾರು. ನಾನು ಪಕ್ಕದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ ಇದ್ದೆ. ಸಾಫ್ಟ್‌ವೇರಿನ ತಪ್ಪು ಹುಡುಕುವ ನಮ್ಮ ಟೆಸ್ಟಿಂಗ್ ಟೀಮಿಗೆ ಆಂಟಿಯೇ ಲೀಡ್. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಮೊದಲ ದಿನವೇ ಅಭ್ಯಾಸಬಲದಿಂದ ‘ಆಂಟಿ’ ಅಂದುಬಿಟ್ಟೆ. ಅಂದವಳೇ ನಾಲಿಗೆ ಕಚ್ಚಿಕೊಂಡೆ. ಅಮೆರಿಕದ ಆಫೀಸಿನಲ್ಲಿ ಯಾರೂ ಯಾರಿಗೂ ಹಾಗೆ ಅನ್ನುವುದಿಲ್ಲ. ಅವರು ಕುರ್ಚಿ ತಿರುಗಿಸಿ ದೊಡ್ಡದಾಗಿ ನಕ್ಕರು. ಅವರ ಊರಿನಲ್ಲೂ ಹಿರಿಯ ಹೆಂಗಸರನ್ನು ಬರೀ ಹೆಸರಿನಿಂದ ಕರೆಯುವಂತಿಲ್ಲ, ಆಂಟಿ ಅನ್ನಲೇಬೇಕಂತೆ. ಈ ದೇಶಕ್ಕೆ ಬಂದ ಮೇಲೆ ಆಫೀಸಿನಲ್ಲಿ ಹಾಗೆ ಕರೆದವಳು ನಾನೇ ಮೊದಲಿಗಳಂತೆ.

ನಾವು ಆಡುತ್ತಿದ್ದುದು ಇಂಗ್ಲಿಷ್. ಆದರೆ ಅವರ ಮಾತು ನನಗೆ ನೆನಪಾಗುವುದು ಧಾರವಾಡದ ನಮ್ಮ ದೊಡ್ಡವ್ವನ ಕನ್ನಡದಲ್ಲಿ. ಎರಡರಲ್ಲೂ ಅದೇ ಗದರಿಕೆ, ಅದೇ ಅಂತಃಕರಣ. ಆದ್ದರಿಂದ ಹಾಗೆಯೇ ಬರೆಯುತ್ತೇನೆ.

ನನಗೆ ಫ್ರೀವೇ ಮೇಲೆ ಡ್ರೈವ್ ಮಾಡಲು ಕಲಿಸಿದವರು ಅವರು. ಭಾನುವಾರ ಬೆಳಿಗ್ಗೆ ಡ್ಯಾಲಸ್ ಕಡೆ ಹೋಗುವ ರಸ್ತೆಯಲ್ಲಿ ಸ್ಟೀರಿಂಗ್ ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕೂಡುತ್ತಿದ್ದರು. ದೊಡ್ಡ ಟ್ರಕ್ಕು ಪಕ್ಕಕ್ಕೆ ಬಂದರೆ ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. “ಯಾಕ ಅಂಜತಿ? ಅವನೂ ರಸ್ತಾದ ಮ್ಯಾಲೆ ಅದಾನ, ನೀನೂ ಅದೀ. ಕನ್ನಡಿ ನೋಡು, ನಿನ್ನ ಲೇನ್ ಬಿಡಬ್ಯಾಡ,” ಅನ್ನುತ್ತಿದ್ದರು. ಪ್ರತಿ ವರ್ಷ ಒಂದು ಊರಿಗೆ ಒಬ್ಬರೇ ಹೋಗಿಬರುತ್ತಿದ್ದರು. ಯಾಕೆ ಹೋಗುತ್ತೀರಿ ಎಂದು ಕೇಳಿದವರಿಗೆಲ್ಲ ಕೆಲಸವಿದೆ ಅನ್ನುತ್ತಿದ್ದರು. ನನಗೆ ಮಾತ್ರ ನಿಜ ಹೇಳಿದ್ದರು. ಹೋಟೆಲಿನ ಕೋಣೆಯಲ್ಲಿ ಎರಡು ದಿನ ನಿದ್ದೆ ಮಾಡುತ್ತಿದ್ದರು, ಅಷ್ಟೇ. ಎರಡು ಮಕ್ಕಳನ್ನು ಒಬ್ಬರೇ ಓದಿಸಿ, ಇಪ್ಪತ್ತು ವರ್ಷ ಬಿಡದೆ ದುಡಿದ ಹೆಂಗಸಿಗೆ ಬೇರೆ ಯಾತ್ರೆ ಏನು ಬೇಕಿತ್ತು?

ಮೀಟಿಂಗುಗಳಲ್ಲಿ ಯಾರಾದರೂ ಪ್ರೀತಿ ತೋರಿಸಲು, ನಿಮ್ಮ ಆಫ್ರಿಕಾದ ಒಂದು ಗಾದೆ ಹೇಳಿ ಎಂದರೆ, “ಗಾದೆ ಇಲ್ಲ, ಟೆಸ್ಟ್ ಪ್ಲಾನ್ ಐತಿ, ತೋರಿಸ್ಲೇನು?” ಅನ್ನುತ್ತಿದ್ದರು. ನಾನು ತಲೆ ತಗ್ಗಿಸಿ ನಗುತ್ತಿದ್ದೆ.

ನಾನು ಸೇರಿದ ಎರಡನೆಯ ವರ್ಷ ನಾವು ಮಾಡುತ್ತಿದ್ದುದು ಆಸ್ಟಿನ್‌ನ ಒಂದು ಕಂಪನಿಗೆ ಬೇಕಾದ ಸಾಫ್ಟ್‌ವೇರ್. ಆಸ್ಪತ್ರೆಗೆ ಬಂದ ಪೇಷೆಂಟುಗಳಲ್ಲಿ ಯಾರನ್ನು ಮೊದಲು ನೋಡಬೇಕೆಂದು ಅದು ನರ್ಸುಗಳಿಗೆ ತೋರಿಸಬೇಕು. ಅದನ್ನು ಪರೀಕ್ಷಿಸಲು ಆಂಟಿ ನಲವತ್ತು ಕಾಲ್ಪನಿಕ ಪೇಷೆಂಟುಗಳನ್ನು ಸೃಷ್ಟಿಸಿ, ಒಬ್ಬೊಬ್ಬರ ವಯಸ್ಸು, ರೋಗ, ನೋವು ಎಲ್ಲವನ್ನೂ ಬರೆದು ಒಂದು ದೊಡ್ಡ ದಾಖಲೆ ತಯಾರಿಸಿದ್ದರು. ಆರು ತಿಂಗಳ ಕೆಲಸ.

ನಮ್ಮ ಮೇಲೆ ಒಬ್ಬ ಮ್ಯಾನೇಜರ್ ಇದ್ದ. ಮೈಸೂರಿನವನು. ಗಣಪತಿ ಹಬ್ಬಕ್ಕೆ ಅವನ ಮನೆಯಲ್ಲಿ ಕಡುಬು ತಿಂದಿದ್ದೇನೆ, ಅವನ ಹೆಂಡತಿಯ ಕೈಯಿಂದ ಕುಂಕುಮ ಹಚ್ಚಿಸಿಕೊಂಡಿದ್ದೇನೆ. ಆಗ ‘ಸರ್’ ಎಂದು ಎದ್ದು ನಿಲ್ಲುತ್ತಿದ್ದೆ. ಈಗ ಏಕವಚನದಲ್ಲಿ ಬರೆಯುತ್ತಿರುವುದು ಕೈತಪ್ಪಿನಿಂದಲ್ಲ. ಅವನಿಗೆ ಬಹುವಚನ ಕೊಡುವುದಿಲ್ಲ ಎಂದು ನಿರ್ಧರಿಸಿ ಬಹಳ ವರ್ಷಗಳಾದವು.

ಒಮ್ಮೆ ಆಂಟಿಯ ಜೊತೆ ಹ್ಯೂಸ್ಟನ್‌ಗೆ ಹೋಗಿದ್ದೆ. ಅಲ್ಲಿ ಅವರ ತಂಗಿಯದೊಂದು ಹೊಲಿಗೆಯ ಅಂಗಡಿ. ಗೋಡೆಯ ತುಂಬ ಬಣ್ಣಬಣ್ಣದ ಬಟ್ಟೆಯ ಥಾನುಗಳು, ಮೂಲೆಯಲ್ಲಿ ಮೂರು ಮಷೀನುಗಳು. ತಂಗಿ ನನ್ನ ಅಳತೆ ತೆಗೆದುಕೊಂಡು, ಹಳದಿ ಮತ್ತು ನೀಲಿಯ ಬಟ್ಟೆಯಲ್ಲಿ ಸೀರೆಗೆ ಒಪ್ಪುವ ಕುಪ್ಪಸ ಹೊಲಿದುಕೊಟ್ಟಳು. ವಾಪಸು ಬರುವಾಗ ಅರ್ಧ ದಾರಿಯಲ್ಲಿ ಆಂಟಿ ಕಾರನ್ನು ಪೆಟ್ರೋಲ್ ಬಂಕಿಗೆ ತಿರುಗಿಸಿದರು. ಸ್ಟೀರಿಂಗ್ ಮೇಲೆ ಹಣೆ ಇಟ್ಟು ಹೊಟ್ಟೆ ಹಿಡಿದುಕೊಂಡರು. ಹಣೆಯ ಮೇಲೆ ಬೆವರು, ಕೈಗಳು ಮಾತ್ರ ತಣ್ಣಗೆ.

ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ಎರಡು ವರ್ಷದಿಂದ ಡಾಕ್ಟರನೊಬ್ಬ ತೂಕ ಇಳಿಸಿ, ಮಾತ್ರೆ ನುಂಗಿ ಅನ್ನುತ್ತಿದ್ದನಂತೆ. ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದಾಗ ಇವರು ಹತ್ತು ಎಂದರೆ ಅವನು ಐದು ಎಂದು ಬರೆದುಕೊಳ್ಳುತ್ತಿದ್ದನಂತೆ. “ನಾ ಅಳೂದಿಲ್ಲಲ್ಲ, ಅದಕ್ಕ. ಕರೀ ಹೆಂಗಸು ಅಳದಿದ್ರ ನೋವಿಲ್ಲ ಅಂತಾರ, ಅತ್ತರ ನಾಟಕ ಅಂತಾರ,” ಎಂದರು. ಅಂದು ಮಿಕ್ಕ ದಾರಿ ನಾನೇ ಡ್ರೈವ್ ಮಾಡಿದೆ. ನನ್ನ ಲೇನ್ ಬಿಡಲಿಲ್ಲ.

ಕೊನೆಗೆ ಬೇರೆ ಡಾಕ್ಟರಮ್ಮನೊಬ್ಬಳು ಆಪರೇಷನ್ ಆಗಲೇಬೇಕು ಅಂದಳು. ಆಂಟಿ ಆರು ವಾರದ ರಜೆ ಬರೆದುಕೊಟ್ಟು, ಎಲ್ಲ ಕೆಲಸವನ್ನೂ ನನಗೆ ಒಪ್ಪಿಸಿ, ತಂಗಿಯ ಮನೆಗೆ ಹೋದರು. ಅವರು ಆಪರೇಷನ್ ಟೇಬಲ್ ಮೇಲಿದ್ದ ದಿನವೇ ಮ್ಯಾನೇಜರ್ ಆ ದಾಖಲೆ ಕಳಿಸು ಎಂದ. ಕಳಿಸಿದೆ. ಮರುವಾರ ಅದರ ಮೊದಲ ಪುಟದಲ್ಲಿ ಆಂಟಿಯ ಹೆಸರಿದ್ದ ಜಾಗದಲ್ಲಿ ಅವನ ಹೆಸರಿತ್ತು. ಬೇರೆ ಒಂದಕ್ಷರವೂ ಬದಲಾಗಿರಲಿಲ್ಲ.

ಆಮೇಲೆ ನನ್ನನ್ನು ಕೋಣೆಗೆ ಕರೆದ. ಬಾಗಿಲು ಹಾಕಿ ಕನ್ನಡದಲ್ಲಿ ಮಾತಾಡಿದ. “ನೋಡಮ್ಮ, ಆಯಮ್ಮ ಹ್ಯಾಂಡೋವರ್ ಸರಿಯಾಗಿ ಕೊಡದೆ ಹೋಗಿದ್ದಕ್ಕೆ ಕೆಲಸ ಲೇಟ್ ಆಯ್ತು ಅಂತ ನನಗೊಂದು ಮೇಲ್ ಹಾಕಿಬಿಡು. ಎರಡೇ ಲೈನು ಸಾಕು.”

“ಅವ್ರು ಎಲ್ಲಾ ಕೊಟ್ಟೇ ಹೋಗ್ಯಾರ್ರೀ ಸರ್,” ಅಂದೆ.

“ನಿನ್ನ ವೀಸಾ ಎಕ್ಸ್‌ಟೆನ್ಷನ್ ಪೇಪರು ನನ್ನ ಟೇಬಲ್ ಮೇಲೇ ಇದೆ. ಇಷ್ಟು ದೂರ ಬಂದಿದ್ದೀವಿ, ನಮ್ಮವರಿಗೆ ನಮ್ಮವರೇ ಆಗಬೇಕು, ಅಲ್ವಾ?” ಅಂದ. ನಗುತ್ತಲೇ ಅಂದ.

ಎರಡು ಸಾಲು ಬರೆದೆ. ಬರೆಯುವುದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ.

ಹೊಟ್ಟೆಯ ಹೊಲಿಗೆ ಮಾಯುವ ಮೊದಲೇ ಆಂಟಿಯ ಕಾಂಟ್ರಾಕ್ಟ್ ಮುಗಿಸಿದರು. ನಾನು ಶನಿವಾರ ರವೆ ಉಂಡಿ ಕಟ್ಟಿಕೊಂಡು ಒಬ್ಬಳೇ ಹ್ಯೂಸ್ಟನ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಅವರಿಗೆ ಗೊತ್ತಾಗಿರಲಾರದು ಎಂದುಕೊಂಡಿದ್ದೆ... ಅಂಗಡಿಯ ಹಿಂದಿನ ಕೋಣೆಯಲ್ಲಿ ದಿಂಬಿಗೆ ಒರಗಿ ಕೂತಿದ್ದರು. ಮುಖ ಇಳಿದಿತ್ತು. ಕಂಪನಿಯ ಪತ್ರವನ್ನು ನನ್ನ ಕೈಗೆ ಕೊಟ್ಟರು. ಅದರಲ್ಲಿ ನನ್ನ ಎರಡು ಸಾಲುಗಳು ಇದ್ದ ಹಾಗೆಯೇ ಇದ್ದವು, ‘ತಂಡದ ಸದಸ್ಯರೊಬ್ಬರ ಪ್ರಕಾರ’ ಎಂದು.

“ಹೆಸರು ಹಾಕಿಲ್ಲ. ಖರೆ, ನಿನ್ನ ಇಂಗ್ಲಿಷ್ ನನಗ ಗುರ್ತು ಸಿಗೂದಿಲ್ಲೇನು? ಎರಡು ವರ್ಷ ನಾನಽ ತಿದ್ದೇನಿ,” ಎಂದರು.

ನಾನು ಅತ್ತೆ. ಅವರು ಅಳಲಿಲ್ಲ.

“ಅವನ್ನ ನಾ ಬಿಡೂದಿಲ್ಲ. ಎಷ್ಟು ದಿನ ಆಗ್ಲಿ, ಅವನ ಬಾಯಿಂದನಽ ಸುಳ್ಳು ಹೊರಗ ತಗೀತೇನಿ. ನಿನ್ನ ಏನ್ ಮಾಡ್ಬೇಕೋ ನನಗ ತಿಳೀವಲ್ದು. ಈಗ ಹೋಗು.”

ಉಂಡಿಯ ಡಬ್ಬಿಯನ್ನು ತಂಗಿ ಬಾಗಿಲವರೆಗೂ ಬಂದು ವಾಪಸು ಕೊಟ್ಟಳು.

ಅಂದಿನಿಂದ ನನ್ನೊಳಗೊಂದು ಕಿಚ್ಚು ಕೂತಿತು. ನನ್ನ ಮೇಲಿನ ಅಸಹ್ಯವನ್ನೆಲ್ಲ ಅವನ ಮೇಲೆ ಹಾಕಿ ಬದುಕಿದೆ. ಅವನು ಆ ದಾಖಲೆಗೆ ಕಂಪನಿಯಲ್ಲಿ ಬಹುಮಾನ ತೆಗೆದುಕೊಂಡಾಗ ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಅವನು ನಗುವಾಗ ಕಾಣುವ ಬಂಗಾರದ ಹಲ್ಲನ್ನು ನೋಡುತ್ತ, ಈ ಬಾಯಿ ಯಾವತ್ತು ಮುಚ್ಚುತ್ತದೋ ಎಂದು ಕಾಯುತ್ತಿದ್ದೆ. ಆದರೂ ನಾನಾಗಿ ಏನೂ ಮಾಡಲಿಲ್ಲ. ವೀಸಾ ಬಂತು, ಕೆಲಸ ಮಾಡಿಕೊಂಡಿದ್ದೆ.

ಒಂದೂವರೆ ವರ್ಷದ ಮೇಲೆ ಪ್ರಾಜೆಕ್ಟಿನ ಮುಂದಿನ ಹಂತವನ್ನು ನಮಗೇ ಕೊಡುತ್ತಾರೋ ಇಲ್ಲವೋ ಎಂದು ತೀರ್ಮಾನಿಸುವ ಮೀಟಿಂಗ್ ಆಸ್ಟಿನ್‌ನ ಆ ಕಂಪನಿಯಲ್ಲಿತ್ತು. ಅವನೂ ನಾನೂ ಹೋದೆವು. ಕಿಟಕಿಯ ಕೆಳಗೆ ನದಿ, ಅದರ ಮೇಲೆ ದೋಣಿಯಲ್ಲಿ ಹುಟ್ಟು ಹಾಕುತ್ತಿದ್ದ ಹುಡುಗಿಯರು. ಅಲ್ಲಿನ ಗುಣಮಟ್ಟ ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದಿದ್ದಾರೆ, ಅವರೂ ಕೂಡುತ್ತಾರೆ ಎಂದಷ್ಟೇ ಹೇಳಿದ್ದರು.

ಬಾಗಿಲು ತೆರೆದು ಬಂದವರು ಆಂಟಿ. ತಲೆಗೆ ಕಿತ್ತಳೆ ಬಣ್ಣದ ಬಟ್ಟೆಯನ್ನು ಎತ್ತರಕ್ಕೆ ಸುತ್ತಿದ್ದರು. ತೆಳ್ಳಗಾಗಿದ್ದರು, ಆದರೆ ನಡಿಗೆ ನೆಟ್ಟಗಿತ್ತು. ಅವನಿಗೆ ಕೈ ಕೊಟ್ಟರು. ನನಗೂ ಕೈ ಕೊಟ್ಟು, “ನೈಸ್ ಟು ಮೀಟ್ ಯು,” ಅಂದರು. ಆ ಮಾತು ಮಾತ್ರ ನನಗೆ ಇಂಗ್ಲಿಷಿನಲ್ಲೇ ನೆನಪಿದೆ. ದೊಡ್ಡವ್ವನ ದನಿ ಅಲ್ಲಿಗೆ ನಿಂತುಹೋಯಿತು.

ಅವನು ಪರದೆಯ ಮೇಲೆ ದಾಖಲೆ ತೆರೆದು ಮಾತಾಡತೊಡಗಿದ. ಅದರ ಮೇಲೆ ಅವನ ಹೆಸರಿತ್ತು, ಹಿಂದೆಗೆಯುವಂತಿರಲಿಲ್ಲ. ಆಂಟಿ ಹತ್ತು ನಿಮಿಷ ಸುಮ್ಮನೆ ಕೇಳಿದರು. ಮೇಜಿನ ಸುತ್ತ ಆರು ಜನ ಕೂತಿದ್ದರು.

“ಇದನ್ನು ಬರೆದವರು ನೀವೇ?” ಎಂದು ಕೇಳಿದರು.

“ಹೌದು. ತಂಡದ ನೆರವು ಇತ್ತು.”

“ಏಳನೇ ಪೇಷೆಂಟ್ ಯಾರು? ಈ ಪರೀಕ್ಷೆಯನ್ನು ಯಾಕೆ ಸೇರಿಸಿದಿರಿ?”

ಅವನು ಪುಟ ತಿರುಗಿಸಿದ. ನಲವತ್ತಾರು ವರ್ಷದ ಹೆಂಗಸು. ಗರ್ಭಕೋಶದಲ್ಲಿ ಗಡ್ಡೆ. ನೋವು ಹತ್ತಕ್ಕೆ ಹತ್ತು, ಅಳುತ್ತಿಲ್ಲ. ಸಾಫ್ಟ್‌ವೇರ್ ಅವಳನ್ನು ಸಾಲಿನ ಕೊನೆಗೆ ಹಾಕಿದರೆ ಅದು ತಪ್ಪು, ಎಂದು ಕೆಳಗೆ ಬರೆದಿತ್ತು. “ಸುಮ್ಮನೆ ಡಮ್ಮಿ ಡೇಟಾ. ಏನೋ ಒಂದು ಹಾಕಿದ್ದು,” ಎಂದ.

“ಹುಟ್ಟಿದ ತಾರೀಖು?”

“ಅದೂ ಹಾಗೇ, ಬಾಯಿಗೆ ಬಂದದ್ದು.”

ಆಂಟಿ ಚೀಲದಿಂದ ತಮ್ಮ ಡ್ರೈವಿಂಗ್ ಲೈಸೆನ್ಸ್ ತೆಗೆದು ಮೇಜಿನ ಮೇಲೆ ಇಟ್ಟು, ಬೆರಳಿನಿಂದ ಅವನ ಕಡೆ ತಳ್ಳಿದರು. “ಓದಿ,” ಅಂದರು.

ಅವನು ಓದಲಿಲ್ಲ. ಪಕ್ಕದಲ್ಲಿದ್ದವರು ಬಗ್ಗಿ ನೋಡಿ, ಪರದೆಯ ಕಡೆ ನೋಡಿದರು. ಎರಡರಲ್ಲೂ ಒಂದೇ ತಾರೀಖು. ಅವನು ನನ್ನತ್ತ ತಿರುಗಿ, ಅಷ್ಟು ಜನರೆದುರು ಕನ್ನಡದಲ್ಲಿ, “ಹೇಳಮ್ಮ ನೀನು... ನಾವಿಬ್ರೂ ಸೇರಿ ಮಾಡಿದ್ದಲ್ವಾ ಇದು? ಹೇಳು ಅವ್ರಿಗೆ,” ಎಂದ. ಅವನ ಕಣ್ಣಲ್ಲಿದ್ದ ಬೇಡಿಕೆಯನ್ನು ಇವತ್ತಿಗೂ ಮರೆತಿಲ್ಲ. ಸುಳ್ಳು ಹೇಳುವುದಿಲ್ಲ, ನನಗೆ ಅದು ಸಿಹಿಯಾಗಿತ್ತು.

ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟೆ, ಎಲ್ಲರಿಗೂ ಕೇಳುವ ಹಾಗೆ. ಈ ದಾಖಲೆಯ ಒಂದೊಂದಕ್ಷರವೂ ಅವರದು. ಅವರಿಗೆ ಆಪರೇಷನ್ ಆದ ದಿನ ಇದನ್ನು ಇವನಿಗೆ ಕಳಿಸಿದವಳು ನಾನು. ಅವರ ಮೇಲೆ ದೂರು ಬರೆದವಳೂ ನಾನು. ಆ ದೂರು ಸುಳ್ಳು. ಇವನು ಹೇಳಿ ಬರೆಸಿದ, ನಾನು ಬರೆದೆ.

ಆಂಟಿ ಲೈಸೆನ್ಸನ್ನು ಚೀಲಕ್ಕೆ ಹಾಕಿಕೊಂಡು ಎದ್ದರು. ಆ ಬಂಗಾರದ ಹಲ್ಲಿನ ಬಾಯಿ ಮುಚ್ಚಿತ್ತು.

ಹೊರಗೆ ಕಾರಿಡಾರಿನಲ್ಲಿ ಅವರ ಹಿಂದೆ ಓಡಿದೆ. “ಆಂಟಿ...” ಅಂದೆ. ನಿಂತರು.

“ನಿಜ ಹೇಳಿದೆ, ಒಳ್ಳೆಯದಾಯಿತು. ಅವನೊಬ್ಬನನ್ನೇ ಹಿಡಿಯಬೇಕೆಂದು ಬಂದಿದ್ದೆ. ನೀನಾಗಿಯೇ ನಿನ್ನನ್ನೂ ಹಿಡಿದುಕೊಟ್ಟೆ,” ಎಂದರು. ಆಮೇಲೆ ಲಿಫ್ಟಿನ ಗುಂಡಿ ಒತ್ತಿ, “ಇನ್ನು ಮುಂದೆ ಎಲ್ಲಾದರೂ ಸಿಕ್ಕರೆ ನನ್ನನ್ನು ಹೆಸರಿನಿಂದ ಕರೆ. ಎಲ್ಲರೂ ಹಾಗೇ ಕರೆಯುತ್ತಾರೆ,” ಅಂದರು.

ಪ್ರಾಜೆಕ್ಟ್ ನಮಗೆ ಸಿಗಲಿಲ್ಲ. ಎರಡೇ ತಿಂಗಳಲ್ಲಿ ಅವನ ಕೆಲಸ ಹೋಯಿತು. ವರ್ಷ ಮುಗಿಯುವುದರೊಳಗೆ ನನ್ನದೂ. ನಾನು ಬೇರೆ ಕಡೆ ಸೇರಿಕೊಂಡೆ. ಯುಗಾದಿಯ ಕೂಟದಲ್ಲಿ ಅವನ ಹೆಂಡತಿ ನನ್ನನ್ನು ಕಂಡು ಎದ್ದು ಬೇರೆ ಸಾಲಿಗೆ ಹೋಗಿ ಕೂತರು. ನಮ್ಮವರ ಮನೆ ಹಾಳು ಮಾಡಿದವಳು ಎಂದು ಬಹಳ ಮಂದಿ ಅಂದರಂತೆ. ಅನ್ನಲಿ. ಮೂರು ವರ್ಷದ ಕೆಳಗೆ ಕಿರಾಣಿ ಅಂಗಡಿಯಲ್ಲಿ ಅವನೇ ಎದುರಾದ. ತಲೆ ಪೂರ್ತಿ ಬೆಳ್ಳಗಾಗಿತ್ತು. “ಚೆನ್ನಾಗಿದ್ದೀಯಾಮ್ಮ?” ಎಂದ. ಉತ್ತರ ಕೊಡದೆ ಗಾಡಿ ತಿರುಗಿಸಿಕೊಂಡು ಹೋದೆ. ಕ್ಷಮಿಸಿದರೆ ಮನಸ್ಸು ಹಗುರಾಗುತ್ತದೆ ಎಂದು ಹೇಳುವವರಿದ್ದಾರೆ. ನನಗೆ ಹಗುರಾಗುವುದು ಬೇಕಿಲ್ಲ.

ಹಿತ್ತಲಿನಲ್ಲಿ ಆ ವಾಸನೆ ಬಂದ ಮೇಲೆ ನಾಲ್ಕು ದಿನ ಯೋಚಿಸಿ ಹ್ಯೂಸ್ಟನ್‌ನ ಹೊಲಿಗೆ ಅಂಗಡಿಗೆ ಫೋನ್ ಮಾಡಿದೆ. ನಂಬರು ಅದೇ ಇತ್ತು, ಎತ್ತಿದವಳು ತಂಗಿಯೇ. ನನ್ನ ಹೆಸರು ಹೇಳಿದೆ. ಹೊಲಿಗೆಯ ಮಷೀನು ನಿಲ್ಲಿಸಿದಳು. ಅಕ್ಕ ಕೆಲಸ ಬಿಟ್ಟು ಊರಿಗೆ ಹೋಗಿ ಎರಡು ವರ್ಷವಾಯಿತು, ಆರೋಗ್ಯವಾಗಿದ್ದಾಳೆ, ಬೆಳಿಗ್ಗೆ ಅರ್ಧ ಊರು ನಡೆದುಬರುತ್ತಾಳೆ, ಹುಡುಗಿಯರಿಗೆ ಟೆಸ್ಟಿಂಗ್ ಕಲಿಸುತ್ತಾಳೆ ಎಂದಳು. ಅವರ ನಂಬರು ಕೊಡುತ್ತೀರಾ ಎಂದೆ. ಅವಳನ್ನು ಕೇಳಿ ಹೇಳುತ್ತೇನೆ ಎಂದಳು.

ಮೊನ್ನೆ ಅವಳ ಮೆಸೇಜ್ ಬಂತು. ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಓದಿದೆ. ‘ನೀನು ಹೇಗಿದ್ದೀ ಎಂದು ಅಕ್ಕ ಕೇಳಿದಳು. ಚೆನ್ನಾಗಿದ್ದೀ ಎಂದು ಹೇಳಿದೆ. ನಂಬರು ಕೊಡಬೇಡ ಎಂದಳು.’

ಸರಿಯಾಗಿಯೇ ಮಾಡಿದರು. ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ.